ಭಾವನ ಕಾವಲಿನಲ್ಲಿ ಒಂದು ರಾತ್ರಿ

ಹೋಂಸ್ಟೇ ತಲುಪಿದ ಮೇಲೆ ಸಾಮಾನ್ಯ ಮನುಷ್ಯರು ಏನು ಮಾಡುತ್ತಾರೆ? ಚಪ್ಪಲಿ ಬಿಟ್ಟು, ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, 'ಅಬ್ಬಾ, ಎಂಥ ತಂಪು' ಅನ್ನುತ್ತಾರೆ. ನಮ್ಮ ಭಾವ ಇಳಿದವರೇ ನನ್ನನ್ನು ಮತ್ತೆ ಕಾರಿಗೆ ಹತ್ತಿಸಿ, ಹಿಂದಕ್ಕೆ ಮುಂದಕ್ಕೆ ಆಡಿಸಿ, ಕಾರಿನ ಮೂತಿ ಗೇಟಿನ ಕಡೆ ತಿರುಗುವಂತೆ ನಿಲ್ಲಿಸಿದರು. "ನಡುರಾತ್ರಿ ಓಡಬೇಕಾಗಿ ಬಂದರೆ ರಿವರ್ಸ್ ತೆಗೆಯೋಕೆ ಪುರುಸೊತ್ತು ಎಲ್ಲಿರುತ್ತೆ?" ಬಂದು ಐದು ನಿಮಿಷವಾಗಿರಲಿಲ್ಲ, ಓಡಿಹೋಗುವ ತಯಾರಿ ಮುಗಿದಿತ್ತು.

ಭಾವ 31 ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದವರು. ಕಾರ್ಖಾನೆ ಅವರನ್ನು ರಿಟೈರ್ ಮಾಡಿತು, ಅವರು ಸೇಫ್ಟಿಯನ್ನು ರಿಟೈರ್ ಮಾಡಲಿಲ್ಲ. ನೂರಾರು ಕಾರ್ಮಿಕರಿಗೆ ಹಂಚಿಹೋಗುತ್ತಿದ್ದ ಕಾಳಜಿಯೆಲ್ಲ ಈಗ ನಾಲ್ಕೈದು ಮಂದಿ ನೆಂಟರ ತಲೆಯ ಮೇಲೆ ಸುರಿಯುತ್ತದೆ. ಇಂಥವರೊಬ್ಬರು ನಿಮ್ಮ ಮನೆತನದಲ್ಲೂ ಇರಬೇಕು. ಇಲ್ಲವೆಂದಾದರೆ ಸ್ವಲ್ಪ ಯೋಚಿಸಿ ನೋಡಿ, ನೀವೇ ಇರಬಹುದು.

ಈ ಸಲ ಪುನರ್ವಸು ಮಳೆಯಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಹೋಗೋಣವೆಂದು ಅಕ್ಕ ಹಟ ಹಿಡಿದಳು. ತೇಜಸ್ವಿಯವರು ಬದುಕಿ ಬರೆದ ಊರು ಎಂಬುದು ಅವಳ ಕಾರಣ. ಭಾವನೂ ತೇಜಸ್ವಿಯವರನ್ನು ಓದಿದ್ದಾರೆ, ಆದರೆ ಅಲ್ಲಿನ ಹಾವು, ಹುಳ, ಕಾಡುಹಂದಿಗಳಿಗೆ ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆದುಕೊಂಡು. ಬುಕ್ ಮಾಡುವ ಮೊದಲು ಮನೆಯ ಗೌಡರಿಗೆ ಫೋನ್ ಹಚ್ಚಿ ಮುಕ್ಕಾಲು ಗಂಟೆ ವಿಚಾರಣೆ ನಡೆಸಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಅದು ದಕ್ಕಿತು.

"ಕಿಟಕಿಗೆ ಸರಳು ಇದೆಯಾ?"

"ಇದೆ ಸಾರ್."

"ಬೆಂಕಿ ಬಿದ್ದರೆ ಸರಳಿರೋ ಕಿಟಕಿಯಿಂದ ಹೊರಗೆ ಬರೋದು ಹೇಗೆ?"

ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕಿಟಕಿದು ತೆಗೆಸ್ಲಾ ಮಾರಾಯ್ರೆ?" ಅಂದರು.

"ಬೇಡ ಬೇಡ, ಕಳ್ಳ ಬರ್ತಾನೆ."

ಭಾವನ ಬ್ಯಾಗಿನಲ್ಲಿ ಬಟ್ಟೆಗೆ ಉಳಿಯುವುದು ಒಂದು ಮೂಲೆ. ಮಿಕ್ಕ ಜಾಗದಲ್ಲಿ ಲೈನ್ ಟೆಸ್ಟರ್, ಎರಡು ಟಾರ್ಚು, ಬಾಗಿಲಿನ ಕೆಳಗೆ ತುರುಕಲು ರಬ್ಬರ್ ಬೆಣೆ, ನೈಲಾನ್ ಹಗ್ಗ, ಇಂಬಳಕ್ಕೆಂದು ಉಪ್ಪಿನ ಪೊಟ್ಟಣ ಮತ್ತು ನಶ್ಯದ ಡಬ್ಬಿ. ಹಗ್ಗ ಯಾಕೆಂದು ಒಮ್ಮೆ ಕೇಳಿದ್ದೆ. ಮಹಡಿಯಿಂದ ಇಳಿಯಲಿಕ್ಕಂತೆ. ಈ ಮನೆಗೆ ಮಹಡಿಯೇ ಇರಲಿಲ್ಲ. ಹಳೇ ತೊಟ್ಟಿಮನೆ, ಅದಕ್ಕೆ ಅಂಟಿಕೊಂಡು ಬಾಡಿಗೆಗೆಂದು ಕಟ್ಟಿಸಿದ ಎರಡು ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ.

ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಭಾವ ಮೀಟರ್ ಬೋರ್ಡಿನ ಎದುರು ನಿಂತಿದ್ದರು. ಶಾಕ್ ಹೊಡೆದರೆ ಕರೆಂಟ್ ತಾನಾಗಿಯೇ ಕಡಿದುಹೋಗುವ ಸಾಧನ ಇದೆಯೇ, ಅದು 30 ಮಿಲಿಆಂಪಿಯರ್‌ನದ್ದೇ ಎಂದು ಪ್ರಶ್ನೆ.

"ಲೈನ್ ಮೇಲೆ ಮರ ಬಿದ್ದು ಮೂರು ದಿನದಿಂದ ಕರೆಂಟೇ ಇಲ್ಲ ಸಾರ್," ಅಂದರು ಗೌಡರು. "ಇದಕ್ಕಿಂತ ಸೇಫ್ಟಿ ಎಂತ ಬೇಕು?"

ಸಂಜೆ ಕರೆಂಟ್ ಬಂತು. ಗೌಡರ ಮೊಮ್ಮಗ ಟಿವಿ ಮುಂದೆ ಕೂತ. ಭಾವ ಹೋಗಿ ಆ ಸಾಧನದ ಟೆಸ್ಟ್ ಬಟನ್ ಒತ್ತಿದರು. ಸಾಧನ ಪ್ರಾಮಾಣಿಕವಾಗಿತ್ತು. ಮೂರು ದಿನ ಕಾದು ಬಂದಿದ್ದ ಕರೆಂಟು ಪಟ್ಟೆಂದು ಹೋಯಿತು. ಕತ್ತಲೆಯಲ್ಲಿ ಹುಡುಗನ ಅಳು, ಅದರ ಮೇಲೆ ಭಾವನ ದನಿ: "ವೆರಿ ಗುಡ್, ಕೆಲಸ ಮಾಡ್ತಾ ಇದೆ!"

ಒಂದು ಕಡೆ ಮಾತ್ರ ನಾವು ನಗಲಿಲ್ಲ. ಕೋಣೆಯ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇತ್ತು. ಗೇಣಗಲದ ಗವಾಕ್ಷಿ, ಅದಕ್ಕೂ ಚಳಿಗಾಳಿ ಬಾರದಿರಲೆಂದು ಯಾರೋ ರಟ್ಟು ಹೊಡೆದಿದ್ದರು. ಭಾವ ಅದನ್ನು ನೋಡಿದವರು ದನಿ ಏರಿಸಲಿಲ್ಲ, ತಗ್ಗಿಸಿದರು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರಿಗೆ ಸುಸ್ತು ಬಂದಂತೆ ಅನ್ನಿಸುತ್ತದೆ, ಚಿಲಕ ತೆಗೆಯಬೇಕು ಎಂದು ಹೊಳೆಯುವಷ್ಟರಲ್ಲಿ ಕೈಗೆ ಶಕ್ತಿ ಇರುವುದಿಲ್ಲ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಹಾಕಿ ಮಲಗುವುದೂ ಇದೇ ಕತೆ. ಗೌಡರು ತುಟಿ ಬಿಚ್ಚದೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಕಿತ್ತು ತಂದು ಭಾವನ ಕೈಯಲ್ಲೇ ಇಟ್ಟರು. ಮಾರನೇ ದಿನ ಎಲ್ಲರಿಗೂ ಹಂಡೆ ನೀರೆಂದು ತೀರ್ಮಾನವಾಯಿತು. ಹಂಡೆಯ ಒಲೆಗೆ ಬಾಯಿ ಹೊರಗಿನಿಂದಲೇ ಇತ್ತು. ಹಳಬರು ಯಾವ ಕಾರ್ಖಾನೆಯಲ್ಲಿ ಕಲಿತಿದ್ದರೋ.

ಈ ಗೆಲುವು ಭಾವನ ತಲೆಗೇರಿತು. ಮುಂದಿನ ದಾಳಿ ಅಡುಗೆಮನೆಗೆ. ಮನೆಯ ಅಮ್ಮಾವ್ರು ಕಡುಬು ಬೇಯಿಸುತ್ತಿದ್ದರು. ಭಾವ ಮಂಡಿಯೂರಿ ಸಿಲಿಂಡರಿನ ಕುತ್ತಿಗೆಗೆ ಕನ್ನಡಕ ಹಚ್ಚಿದರು. ಅಲ್ಲಿ ಒಂದು ಅಕ್ಷರ, ಎರಡಂಕಿ ಬರೆದಿರುತ್ತದೆ. ಎ ಅಂದರೆ ವರ್ಷದ ಮೊದಲ ಮೂರು ತಿಂಗಳು, ಡಿ ಅಂದರೆ ಕೊನೆಯ ಮೂರು, ಅಂಕಿ ಅಂದರೆ ಇಸವಿ. ಆ ಸಿಲಿಂಡರಿನ ಮುಂದಿನ ಪರೀಕ್ಷೆಯ ಗಡುವು ಅದು. "ಹೌದಾ? ನಾನು ನಮ್ಮನೆ ನಂಬರ್ ಹಾಕಿ ಕೊಟ್ಟಿದ್ದಾರೆ ಅಂತ ಮಾಡಿದ್ದೆ," ಅಂದರು ಅಮ್ಮಾವ್ರು. ಗಡುವು ಮೀರಿರಲಿಲ್ಲ. ಕಿತ್ತಳೆ ಬಣ್ಣದ ಪೈಪಿಗೂ ಐದು ವರ್ಷ ತುಂಬಿರಲಿಲ್ಲ. ಭಾವನ ಮುಖ ಸಪ್ಪಗಾಯಿತು. ಎಲ್ಲವೂ ಸರಿ ಇದ್ದಾಗ ಅವರಿಗೆ ಆಗುವ ನಿರಾಸೆ ನೋಡಲಾಗದು.

ಆ ನಿರಾಸೆಯಲ್ಲೇ ಇರಬೇಕು, ಊಟದಲ್ಲಿ ಕಳಲೆ ಪಲ್ಯ ಬಡಿಸುವಾಗ ಅಮ್ಮಾವ್ರನ್ನು "ಎಷ್ಟು ದಿನ ನೆನೆಸಿದ್ರಿ? ನೀರು ಬದಲಿಸಿದ್ರಾ?" ಎಂದು ಕೇಳಿಬಿಟ್ಟರು. ಹಸಿ ಕಳಲೆಯಲ್ಲಿ ವಿಷವಿರುತ್ತದೆ, ಪ್ರಶ್ನೆ ತಪ್ಪಲ್ಲ. ಆದರೆ ಮಲೆನಾಡಿನ ಹೆಂಗಸನ್ನು ಕಳಲೆಯ ಬಗ್ಗೆ ಕೇಳುವುದು ಮೀನಿಗೆ ಈಜು ಬರುತ್ತದೆಯೇ ಎಂದು ಕೇಳಿದ ಹಾಗೆ. ಅಮ್ಮಾವ್ರು ಸೌಟನ್ನು ಅಲ್ಲೇ ನಿಲ್ಲಿಸಿ ಭಾವನನ್ನು ನೋಡಿದ ನೋಟವಿದೆಯಲ್ಲ, ಅದಕ್ಕೆ ಯಾವ ಬ್ಯಾಗಿನಲ್ಲೂ ಔಷಧವಿರಲಿಲ್ಲ.

ಮಲಗುವ ಮುಂಚೆ ಸಭೆ. 112ಕ್ಕೆ ಕರೆ ಮಾಡಬೇಕಾದರೆ ಸಿಗ್ನಲ್ ಗೇಟಿನ ಬಳಿ ಮಾತ್ರ ಎಂಬುದು ಮೊದಲ ವಿಷಯ. ಅವಘಡವಾದರೆ ಎಲ್ಲರೂ ಓಡಿಬಂದು ಹಲಸಿನ ಮರದ ಕೆಳಗೆ ಸೇರತಕ್ಕದ್ದು ಎಂಬುದು ಎರಡನೆಯದು.

"ಅಲ್ಲಿ ಬೇಡ ಸಾರ್," ಅಂದರು ಗೌಡರು. "ಆ ಮರದ ಹಣ್ಣಿಗೆ ರಾತ್ರಿ ಆನೆ ಬರ್ತದೆ."

ಸೇರುವ ಜಾಗ ಕಾಫಿ ಕಣಕ್ಕೆ ಬದಲಾಯಿತು. ಕೊನೆಯ ವಿಷಯ ಗ್ಯಾಸು. "ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತ ವಾಸನೆ ಬೆರೆಸಿರ್ತಾರೆ. ಗಾಳಿಗಿಂತ ಭಾರ, ನೆಲ ಹಿಡಿದು ಕೂರುತ್ತೆ. ಅದಕ್ಕೇ ಮೂಗು ನೆಲದ ಹತ್ತಿರ ಇಡಬೇಕು. ಸ್ವಿಚ್ಚು ಮುಟ್ಟಕೂಡದು, ಹಾಕೋಕೂ ಕೂಡದು, ಆರಿಸೋಕೂ ಕೂಡದು. ಟಾರ್ಚೂ ಅಷ್ಟೇ, ಒಳಗೆ ಹೋಗಿ ಒತ್ತಬೇಡಿ." ಇಷ್ಟು ಹೇಳಿ, ಬಾಗಿಲಿಗೆ ಬೆಣೆ ತುರುಕಿ, ಭಾವ ಮಗ್ಗುಲಾದರು. ಎರಡೇ ನಿಮಿಷ, ಗೊರಕೆ ಶುರುವಾಯಿತು. ಮನಸ್ಸಿನಲ್ಲಿದ್ದದ್ದನ್ನೆಲ್ಲ ನಮಗೆ ಹಂಚಿ ಖಾಲಿಯಾದ ಮನುಷ್ಯನ ಗೊರಕೆ ಅದು.

ನನಗೆ ನಿದ್ದೆ ಹತ್ತಲಿಲ್ಲ. ಹೆಂಚಿನ ಮೇಲೆ ಮಳೆ ಒಂದೇ ಸಮನೆ. ಎರಡು ಗಂಟೆಯ ಹೊತ್ತಿಗೆ ಏನೋ ವಾಸನೆ ಬಂದಂತಾಯಿತು. ಒದ್ದೆ ಕಂಬಳಿಯದಿರಬಹುದು, ಆದರೂ. ಸ್ವಿಚ್ಚು ಮುಟ್ಟದೆ, ಟಾರ್ಚು ಹೊತ್ತಿಸದೆ, ಗೋಡೆ ತಡವುತ್ತ ಅಡುಗೆಮನೆಗೆ ಹೋದೆ. ಹೇಳಿದಂತೆ ನೆಲಕ್ಕೆ ಬಗ್ಗಿ, ಅಂಬೆಗಾಲಿಕ್ಕುತ್ತ ಸಿಲಿಂಡರಿನ ಕಡೆ ಮೂಸುತ್ತ ಹೋಗುತ್ತಿದ್ದಾಗ ತಲೆಗೆ ತಲೆ ಢೀ ಹೊಡೆಯಿತು.

"ಯಾರದು?" ಅಕ್ಕನ ದನಿ. ಬೆಣೆ ಕಿತ್ತು ಬಂದಿದ್ದಾಳೆ.

"ನಾನು ಕಣೇ. ನಿನಗೂ ವಾಸನೆ ಬಂತಾ?"

"ಇಲ್ಲ. ಬಂದಿಲ್ವಲ್ಲ ಅಂತಲೇ ಭಯ ಆಯ್ತು."

ಆಗ ಸಿಲಿಂಡರಿನ ಪಕ್ಕದಿಂದಲೇ, ನೆಲದ ಮಟ್ಟದಲ್ಲಿ, ಮೂರನೇ ದನಿ ಬಂತು. ಅಮ್ಮಾವ್ರು.

"ಹದಿನೈದು ವರ್ಷ ಆಯ್ತು ಮಾರಾಯ್ರೆ ಈ ಒಲೆ ತಂದು. ಒಂದಿನ ಬಗ್ಗಿ ನೋಡಿದ್ದಿಲ್ಲ." ಸೂಂ ಎಂದು ಒಮ್ಮೆ ಮೂಸಿದ್ದು ಕೇಳಿಸಿತು. "ಸ್ವಲ್ಪ ಸರೀರಿ, ಆ ಮೂಲೆ ನಾನಿನ್ನೂ ನೋಡಿಲ್ಲ."