ತೊಡೆ ಚಿವುಟಿ ತೊಟ್ಟಿಲು ತೂಗುವವರು

ಒಂದು ಕಾಯಿಲೆ ಇದೆ. ವಯಸ್ಸಿಗೆ ಬಂದ ಹತ್ತು ಹೆಂಗಸರಲ್ಲಿ ಎಂಟೊಂಬತ್ತು ಮಂದಿಗೆ ಇದೆ. ಅದರಿಂದ ಜ್ವರ ಬರುವುದಿಲ್ಲ, ನೋವಿಲ್ಲ, ನವೆಯಿಲ್ಲ, ಊಟ ನಿದ್ದೆಗೆ ಭಂಗವಿಲ್ಲ. ಅದು ಇದ್ದವಳು ತೊಂಬತ್ತು ದಾಟಿಯೂ ಮರಿಮಕ್ಕಳನ್ನು ಗದರಿಸಿಕೊಂಡು ಗಟ್ಟಿಯಾಗಿ ಇರಬಹುದು. ಅದಕ್ಕಾಗಿ ಯಾರೂ ಆಫೀಸಿಗೆ ರಜೆ ಹಾಕಿದ್ದಿಲ್ಲ, ಧರ್ಮಸ್ಥಳಕ್ಕೆ ಹರಕೆ ಹೊತ್ತದ್ದಿಲ್ಲ. ತನಗೆ ರೋಗವಿದೆ ಎಂದು ರೋಗಿಗೆ ಗೊತ್ತಾಗಬೇಕಾದರೆ ಜಾಹೀರಾತನ್ನೇ ನೋಡಬೇಕು. ಇಷ್ಟು ಸಾಧು ಸ್ವಭಾವದ, ಇಷ್ಟು ಲಾಭದಾಯಕ ಕಾಯಿಲೆ ವೈದ್ಯಶಾಸ್ತ್ರಕ್ಕೆ ಇನ್ನೊಂದು ಸಿಕ್ಕಿಲ್ಲ. ಹೆಸರು ಸೆಲ್ಯುಲೈಟ್. ತೊಡೆಯ ಮೇಲೆ, ಪೃಷ್ಠದ ಮೇಲೆ ಚರ್ಮ ಅಲ್ಲಲ್ಲಿ ತಗ್ಗಾಗಿ ಕಾಣುವುದು. ಲಕ್ಷಣ ಅಷ್ಟೇ, ಉಳಿದದ್ದೆಲ್ಲ ಬಿಲ್ಲು.

ಒಳಗೆ ಆಗುವುದಾದರೂ ಏನು? ಚರ್ಮದ ಕೆಳಗೆ ಕೊಬ್ಬಿನ ಪದರ ಇರುತ್ತದೆ. ಅದರ ನಡುವೆ ಹಾದುಬರುವ ನಾರಿನಂಥ ಎಳೆಗಳು ಚರ್ಮವನ್ನು ಕೆಳಗಿನ ಸ್ನಾಯುವಿನ ಪೊರೆಗೆ ಬಿಗಿದಿರುತ್ತವೆ. ಗಂಡಸರಲ್ಲಿ ಈ ಎಳೆಗಳು ಓರೆಯಾಗಿ ಒಂದನ್ನೊಂದು ಹಾದು ಬಲೆಯಂತೆ ಹರಡಿರುತ್ತವೆ, ಹೆಂಗಸರಲ್ಲಿ ಹೆಚ್ಚಾಗಿ ನೆಟ್ಟಗೆ ನಿಂತಿರುತ್ತವೆ. ಎಳೆ ಹಿಡಿದಲ್ಲಿ ಚರ್ಮ ಒಳಕ್ಕೆ, ಎಳೆಗಳ ನಡುವೆ ಕೊಬ್ಬು ಮೇಲಕ್ಕೆ. ಹತ್ತಿ ಹಾಸಿಗೆಗೆ ದಬ್ಬಳದಿಂದ ದಾರ ಎಳೆದು ಗಂಟು ಹಾಕಿದ ಕಡೆ ಕುಳಿ ಬೀಳುತ್ತದಲ್ಲ, ಹಾಗೆ. ಈಸ್ಟ್ರೋಜನ್ ಹಾರ್ಮೋನಿನ ಪಾತ್ರವಿದೆ, ಅಮ್ಮ ಅಜ್ಜಿಯರಿಂದ ಬಂದ ಬಳುವಳಿ ಇದೆ, ವಯಸ್ಸಾಗಿ ಚರ್ಮ ತೆಳುವಾದಂತೆ ಇನ್ನಷ್ಟು ಕಾಣುತ್ತದೆ. ದಪ್ಪಗಿರುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಕಡ್ಡಿಯಂತಿರುವವರಿಗೂ, ದಿನಾ ಬೆಳಗ್ಗೆ ಮೈದಾನ ಸುತ್ತುವವರಿಗೂ ಇದೆ. ಅಂದರೆ ಇದು ಹೆಣ್ಣಿನ ದೇಹ ಹೊಲಿದ ರೀತಿ. ಹೊಲಿಗೆಯನ್ನೇ ರೋಗ ಎಂದು ಸಾರುವುದಕ್ಕೆ ಅಸಾಮಾನ್ಯ ಧೈರ್ಯ ಬೇಕು. ಆ ಧೈರ್ಯ ಮೊದಲು ಬಂದದ್ದು ಫ್ರಾನ್ಸಿಗೆ.

1920ರ ದಶಕದಲ್ಲಿ ಅಲ್ಲಿನ ವೈದ್ಯರು ಇದನ್ನು ಒಂದು ವಿಕಾರವೆಂದು ವರ್ಣಿಸತೊಡಗಿದರು. 1930ರ ದಶಕಕ್ಕೆ ಪ್ಯಾರಿಸ್ಸಿನ ಸೌಂದರ್ಯ ಪತ್ರಿಕೆಗಳು ಕೈಗೆತ್ತಿಕೊಂಡವು. ಪಕ್ಕದಲ್ಲೇ ಮಸಾಜು, ಸಾಬೂನು, ಮುಲಾಮಿನ ಜಾಹೀರಾತು. ಅಟ್ಲಾಂಟಿಕ್ ದಾಟಲು ಮಾತ್ರ ಇದಕ್ಕೆ ಹೊತ್ತು ಹಿಡಿಯಿತು. 1968ರ ಏಪ್ರಿಲ್‌ನಲ್ಲಿ ಅಮೆರಿಕದ ವೋಗ್ ಪತ್ರಿಕೆ ತನ್ನ ಓದುಗರಿಗೆ ಇದನ್ನು ಪರಿಚಯಿಸಿತು. ಹಿಂದಿನ ತಿಂಗಳವರೆಗೆ ಬರೀ ತೊಡೆ ಇದ್ದವರಿಗೆ ಆ ತಿಂಗಳಿಂದ ಸಮಸ್ಯೆ ಇತ್ತು. 1973ರಲ್ಲಿ ನ್ಯೂಯಾರ್ಕ್‌ನಲ್ಲಿ ಸಲೂನ್ ನಡೆಸುತ್ತಿದ್ದ ನಿಕೋಲ್ ರೊನ್ಸಾರ್ ಎಂಬಾಕೆ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಳು, ಅದು ಬಿಸಿ ದೋಸೆಯಂತೆ ಖರ್ಚಾಯಿತು. ಇದು ಸಾದಾ ಕೊಬ್ಬಲ್ಲ, ಕೊಬ್ಬು ನೀರು ಕಲ್ಮಶ ಎಲ್ಲ ಸೇರಿ ದೇಹದಲ್ಲಿ ಸಿಕ್ಕಿಹಾಕಿಕೊಂಡ ವಸ್ತು ಎಂಬುದು ಆಕೆಯ ವಾದ. ಕಲ್ಮಶ ಎಂದಮೇಲೆ ಮುಗಿಯಿತು. ಮನೆ ಗುಡಿಸಿ ಒರೆಸುವ ಹೆಣ್ಣುಮಕ್ಕಳಿಗೆ ಸ್ವಂತ ಮೈಯೊಳಗೇ ಕಸ ಇದೆ ಎಂದು ಹೇಳಿದರೆ ನಿದ್ದೆ ಬರುತ್ತದೆಯೇ?

ಪತ್ತೆ ಹಚ್ಚುವ ವಿಧಾನವೂ ಸರಳ. ತೊಡೆಯ ಚರ್ಮವನ್ನು ಎರಡು ಬೆರಳ ನಡುವೆ ಹಿಡಿದು ಚಿವುಟಬೇಕು. ಗುಳಿ ಬಿದ್ದರೆ ರೋಗ ಇದೆ. ಚಿವುಟಿದರೆ ಯಾರ ತೊಡೆಯಲ್ಲಿ ತಾನೇ ಗುಳಿ ಬೀಳುವುದಿಲ್ಲ, ಕೇಳಬೇಡಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ನಮ್ಮ ಕಡೆ ಬರೀ ಗಾದೆ, ಅಲ್ಲಿ ಅದನ್ನು ವೈದ್ಯಕೀಯ ತಪಾಸಣೆ ಮಾಡಿದರು.

1978ರಲ್ಲಿ ನ್ಯೂರ್ನ್‌ಬರ್ಗರ್ ಮತ್ತು ಮ್ಯುಲ್ಲರ್ ಎಂಬ ಇಬ್ಬರು ಜರ್ಮನ್ನರು ಸೂಕ್ಷ್ಮದರ್ಶಕದಡಿ ಚರ್ಮ ಇಟ್ಟು ನೋಡಿ, ಎಳೆಗಳ ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಿದರು. ಪ್ರಬಂಧದ ತಲೆಬರಹದಲ್ಲೇ ಇದೊಂದು ಕಟ್ಟಿದ ಕಾಯಿಲೆ ಎಂದು ಬರೆದರು. ಜೊತೆಗೆ, ಪಾಪ, ವಿಜ್ಞಾನಿಗಳಲ್ಲವೇ, ಶಿಸ್ತಿಗಾಗಿ ಒಂದು ಅಳತೆಪಟ್ಟಿಯನ್ನೂ ಕೊಟ್ಟರು: ಚಿವುಟಿದರೂ ಗುಳಿ ಕಾಣದಿದ್ದರೆ ಸೊನ್ನೆ, ಚಿವುಟಿದಾಗ ಕಂಡರೆ ಒಂದು, ಸುಮ್ಮನೆ ನಿಂತಾಗಲೂ ಕಂಡರೆ ಎರಡು, ಮಲಗಿದರೂ ಕಂಡರೆ ಮೂರು. ಕಾಯಿಲೆಯೇ ಅಲ್ಲ ಎಂದ ಮಾತನ್ನು ಮಾರುಕಟ್ಟೆ ಅಲ್ಲೇ ಬಿಟ್ಟಿತು, ಪಟ್ಟಿಯನ್ನು ಮಾತ್ರ ಜತನವಾಗಿ ಎತ್ತಿಟ್ಟುಕೊಂಡಿತು.

ಆ ಪಟ್ಟಿಯನ್ನು ನಾನು ಕಣ್ಣಾರೆ ಕಂಡದ್ದು ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ. ತಂಗಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ಮುಖದ ಯಾವುದೋ ಕಲೆಗೆಂದು ಹೋದವಳನ್ನು ಕೌನ್ಸೆಲರ್ ಹುಡುಗಿ ‘ಬ್ರೈಡಲ್ ಪ್ಯಾಕೇಜಲ್ಲಿ ಫುಲ್ ಬಾಡಿ ಅನಾಲಿಸಿಸ್ ಫ್ರೀ’ ಎಂದು ಒಳಗೆ ಕರೆದಳು. ನಾನೂ ಹಿಂದೆ ಹೋದೆ. ಗೋಡೆಯುದ್ದದ ಕನ್ನಡಿ, ನೆತ್ತಿಯ ಮೇಲೆ ನೇರವಾಗಿ ಬೀಳುವ ಬಿಳಿ ದೀಪ. ಆ ದೀಪದ ಕೆಳಗೆ ಗಾಜಿನ ಮೇಜನ್ನು ನಿಲ್ಲಿಸಿದ್ದರೂ ಅದರ ಮೈಮೇಲೆ ತಗ್ಗು ಕಾಣುತ್ತಿತ್ತು. ಹುಡುಗಿ ಸ್ಕೆಚ್ ಪೆನ್ನು ತೆಗೆದು ಮದುಮಗಳ ತೊಡೆಯ ಮೇಲೆ ಸರ್ವೆಯವರು ಕಲ್ಲು ನೆಟ್ಟ ಹಾಗೆ ನಾಲ್ಕಾರು ಗುರುತು ಹಾಕಿದಳು.

‘ಗ್ರೇಡ್ ಟೂ ಮೇಡಂ. ಈಗ್ಲೇ ಬಂದಿದ್ದು ಒಳ್ಳೇದಾಯ್ತು.’

‘ಇಲ್ಲದಿದ್ರೆ?’ ಎಂದೆ.

‘ಗ್ರೇಡ್ ತ್ರೀ ಆಗತ್ತೆ.’

‘ಆದ್ರೆ?’

ಇಷ್ಟು ದೂರ ಯಾರೂ ಕೇಳಿರಲಿಲ್ಲವೇನೋ, ಕ್ಷಣಕಾಲ ತಡವರಿಸಿದಳು. ‘ಈಗ ಎಂಟು ಸಿಟ್ಟಿಂಗ್ ಸಾಕು, ಆಮೇಲೆ ಜಾಸ್ತಿ ಬೇಕಾಗತ್ತೆ ಮೇಡಂ.’

‘ಎಂಟು ಸಿಟ್ಟಿಂಗ್ ತಗೊಂಡ್ರೆ ವಾಸಿಯಾಗತ್ತಾ?’

‘ವಾಸಿ ಅಂತ ಅಲ್ಲ, ಇಂಪ್ರೂವ್ ಆಗತ್ತೆ. ಆಮೇಲೆ ಮೇಂಟೆನೆನ್ಸ್‌ಗೆ ಬರ್ತಾ ಇರ್ಬೇಕು.’

‘ಇಷ್ಟು ದೊಡ್ಡ ಕಾಯಿಲೆ ಅಂದಮೇಲೆ ಇನ್ಶೂರೆನ್ಸ್ ಕೊಡ್ತಾರಲ್ಲಮ್ಮ?’

‘ಇಲ್ಲ ಮೇಡಂ, ಇದು ಕಾಸ್ಮೆಟಿಕ್ ಅಲ್ವಾ!’

ನನ್ನ ಪ್ರಶ್ನೆಗೆ ಅವಳಿಗೆ ನಿಜವಾಗಿಯೂ ನಗು ಬಂದಿತ್ತು. ಕನ್ನಡಿಯ ಮುಂದೆ ಕಾಯಿಲೆ, ಕ್ಯಾಷ್ ಕೌಂಟರಿನ ಮುಂದೆ ಅಲಂಕಾರ. ಈ ವಿಷಯದಲ್ಲಿ ನನಗೆ ತೆರಿಗೆ ಇಲಾಖೆಯ ಮೇಲೆ ಗೌರವ ಹೆಚ್ಚು. ಜ್ವರಕ್ಕೆ, ಮೂಳೆ ಮುರಿತಕ್ಕೆ ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬರೀ ಅಂದ ಹೆಚ್ಚಿಸುವ ಚಿಕಿತ್ಸೆಗೆ ಇಲ್ಲ. ನಿನ್ನ ತೊಡೆಯಲ್ಲಿ ರೋಗವಿಲ್ಲ ಮಗಳೇ ಎಂದು ಸರ್ಕಾರ ಮುದ್ರೆ ಹಾಕಿ ಬರೆದುಕೊಡುವುದು ಆ ಬಿಲ್ಲಿನಲ್ಲೇ, ದುಡ್ಡು ಕಟ್ಟಿದ ಮೇಲೆ.

ಕ್ರೀಮುಗಳ ಕತೆ ಚಿಕ್ಕದು. ಹಚ್ಚಿದ ಕೆಫೀನು ಚರ್ಮವನ್ನು ಸ್ವಲ್ಪ ಹೊತ್ತು ಬಿಗಿದಂತೆ ಕಾಣಿಸಬಹುದು. ಕೆಳಗಿನ ನಾರೆಳೆಗೆ ಮೇಲೆ ಏನು ಹಚ್ಚಿದ್ದಾರೆ ಎಂಬ ಸುದ್ದಿಯೂ ಮುಟ್ಟುವುದಿಲ್ಲ. ಆದರೆ ಕೆಫೀನು ಎಂದಾಗ ಒಂದು ಸಂಗತಿ ಹೇಳಲೇಬೇಕು. ಅಮೆರಿಕದಲ್ಲಿ ಕಾಫಿಯ ಸತ್ವ ಸೇರಿಸಿ ನೇಯ್ದ ಒಳಉಡುಪು ಮಾರಿದರು. ತೊಟ್ಟುಕೊಂಡು ಓಡಾಡಿದರೆ ಸಾಕು, ತೊಡೆ ಸಣ್ಣಗಾಗಿ ಸೆಲ್ಯುಲೈಟ್ ಇಳಿಯುತ್ತದೆ ಎಂದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಆಧಾರ ಎಲ್ಲಿ ಎಂದು ಕೇಳಿತು. 2014ರಲ್ಲಿ ವಕೋಲ್ ಕಂಪನಿ 13 ಲಕ್ಷ ಡಾಲರ್, ನಾರ್ಮ್ ಥಾಂಪ್ಸನ್ ಕಂಪನಿ 2.3 ಲಕ್ಷ ಡಾಲರ್ ಕಕ್ಕಬೇಕಾಯಿತು. ಇಷ್ಟು ವರ್ಷದಿಂದ ಕಾಫಿ ಬೆಳೆಯುವ ಚಿಕ್ಕಮಗಳೂರು, ಕೊಡಗಿನ ಮುಗ್ಧರು ಇನ್ನೂ ಅದನ್ನು ಲೋಟದಲ್ಲಿ ಹಾಕಿಕೊಂಡು ಕುಡಿಯುತ್ತಿದ್ದಾರೆ.

ಕಾಫಿಗೆ ಬಗ್ಗದ ಎಳೆಗೆ ಬ್ಯಾಕ್ಟೀರಿಯಾ ಬಂತು. ಒಂದು ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವವನ್ನು ಚುಚ್ಚಿ ನಾರನ್ನೇ ಕರಗಿಸುವ ಔಷಧಿ ಅದು, ಹೆಸರು ಕ್ವೋ. 2020ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ತಗ್ಗು ಕಡಿಮೆಯಾಯಿತೋ ಏನೋ, ಚುಚ್ಚಿದ ಜಾಗ ಮಾತ್ರ ಕಪ್ಪುನೀಲಿಯಾಗಿ ಕಂದತೊಡಗಿತು. ಚರ್ಮದ ಬಣ್ಣ ಬಹಳ ಕಾಲ ಕೆಟ್ಟೇ ಉಳಿಯಬಹುದೆಂಬ ಆತಂಕ ಎದ್ದು, 2022ರ ಡಿಸೆಂಬರಿನಲ್ಲಿ ಕಂಪನಿಯೇ ಅದನ್ನು ನಿಲ್ಲಿಸುವುದಾಗಿ ಹೇಳಿತು. ತಗ್ಗಿದ್ದ ಜಾಗದಲ್ಲಿ ಕಪ್ಪುನೀಲಿ ಕಲೆ. ಕಲೆ ಹೋಗಲಾಡಿಸುವ ಕ್ರೀಮು ಬೇರೆ ಕೌಂಟರಿನಲ್ಲಿ ಸಿಗುತ್ತದೆ, ದಯವಿಟ್ಟು ಸರದಿಯಲ್ಲಿ ನಿಲ್ಲಿ.

ಇದೆಲ್ಲ ಚಿವುಟುವ ಕೈಯ ಸಾಹಸ. ತೂಗುವ ಕೈಯದು ಇದಕ್ಕಿಂತ ನಯ. 2004ರಲ್ಲಿ ಯೂನಿಲಿವರಿನ ಡವ್ ‘ನಿಜ ಸೌಂದರ್ಯ’ದ ಅಭಿಯಾನ ಶುರುಮಾಡಿತು. ರೂಪದರ್ಶಿಯರನ್ನು ಬಿಟ್ಟು ಸಾಮಾನ್ಯ ಹೆಂಗಸರನ್ನು ಬಿಳಿಯ ಒಳಉಡುಪಿನಲ್ಲಿ ನಗುನಗುತ್ತಾ ನಿಲ್ಲಿಸಿತು. ಲೋಕ ಚಪ್ಪಾಳೆ ತಟ್ಟಿತು. ಆ ಹೆಂಗಸರು ಮಾರುತ್ತಿದ್ದದ್ದು ಏನನ್ನು? ತೊಡೆ ಮತ್ತು ಪೃಷ್ಠದ ಚರ್ಮವನ್ನು ಬಿಗಿ ಮಾಡುವ ಲೋಷನ್ನನ್ನು. ನೀವು ಇರುವ ಹಾಗೇ ಚಂದ, ತಗೊಳ್ಳಿ, ಇದನ್ನು ಹಚ್ಚಿಕೊಂಡು ಬೇರೆ ಥರ ಆಗಿ. ಇದೇ ಯೂನಿಲಿವರಿನ ಭಾರತದ ಶಾಖೆ 1975ರಿಂದ ನಮಗೆ ಫೇರ್ ಅಂಡ್ ಲವ್ಲಿ ಮಾರುತ್ತಿತ್ತು. ಕಪ್ಪು ಹುಡುಗಿಗೆ ಕೆಲಸವಿಲ್ಲ, ಗಂಡಿಲ್ಲ ಎಂದು ಮನೆಮನೆಯ ಟಿವಿಯಲ್ಲಿ ಹೇಳಿಹೇಳಿ, 2020ರಲ್ಲಿ ಜ್ಞಾನೋದಯವಾಗಿ ‘ಫೇರ್’ ತೆಗೆದು ‘ಗ್ಲೋ’ ಹಾಕಿದರು. ಒಂದೇ ಮನೆಯೊಳಗೆ ಒಬ್ಬರು ಚಿವುಟುತ್ತಾರೆ, ಇನ್ನೊಬ್ಬರು ಜೋಗುಳ ಹಾಡುತ್ತಾರೆ, ಸಂಬಳ ಇಬ್ಬರಿಗೂ ಒಂದೇ ಗಲ್ಲಾಪೆಟ್ಟಿಗೆಯಿಂದ.

ಹೋಗಲಿ, ಈ ತೊಡೆಗಳನ್ನು ನೋಡುವವರಾದರೂ ಯಾರು? ನಮ್ಮ ಬೀದಿಯ ಗಂಡಸರು ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಹಾಲಿನ ಬೂತಿನಿಂದ ಬಸ್‌ಸ್ಟ್ಯಾಂಡಿನವರೆಗೆ ತಮ್ಮ ತೊಡೆಯ ಪ್ರದರ್ಶನ ಮಾಡಿಕೊಂಡು ಹೋಗುತ್ತಾರೆ. ಆ ತೊಡೆಗಳು ಕಣ್ಣಿಗೆ ಹಬ್ಬ ಎಂದು ನಾನಂತೂ ಸಾಕ್ಷಿ ಹೇಳಲಾರೆ, ಆದರೆ ಯಾರೂ ಅವರನ್ನು ತಡೆದು ಗ್ರೇಡು ಹೇಳಿದ್ದಿಲ್ಲ. ಆರು ಗಜದ ಸೀರೆ, ಅದರೊಳಗೆ ಲಂಗ, ಅದರೊಳಗೆ ಇರುವ, ಬಚ್ಚಲುಮನೆಯ ಬಲ್ಬು ಮಾತ್ರ ನೋಡಿರುವ ತೊಡೆಗೆ ಎಂಟು ಸಿಟ್ಟಿಂಗು.

ನುಣುಪು ತೊಡೆಯ ಹೆಂಗಸರು ಇಲ್ಲವೇ ಇಲ್ಲ ಎಂದಲ್ಲ. ಬೇಲೂರಿಗೆ ಹೋಗಿ ನೋಡಿ, ದರ್ಪಣಸುಂದರಿ ಶತಮಾನಗಳಿಂದ ಕನ್ನಡಿ ನೋಡುತ್ತಲೇ ನಿಂತಿದ್ದಾಳೆ, ಎಲ್ಲೂ ಒಂದು ಗುಳಿಯಿಲ್ಲ. ಬಳಪದ ಕಲ್ಲಿಗೆ ಈಸ್ಟ್ರೋಜನ್ ಇರುವುದಿಲ್ಲ. ರಕ್ತಮಾಂಸದವರಂತೆ ಕಾಣುವ ಚಿತ್ರ ಬೇಕೆಂದರೆ ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿ ರೂಬೆನ್ಸ್ 1630ರ ದಶಕದಲ್ಲಿ ಬರೆದ ಮೂವರು ದೇವಿಯರಿದ್ದಾರೆ. ಬೆನ್ನು, ತೊಡೆ, ಪೃಷ್ಠ ಎಲ್ಲ ಕಡೆ ಕುಳಿ ದಿಣ್ಣೆಗಳನ್ನು ಆತ ಅಕ್ಕರೆಯಿಂದ ತಿದ್ದಿದ್ದಾನೆ. ಈಗಿನ ಜಾಹೀರಾತಿನವರು ಅಷ್ಟು ಹೊತ್ತು ಕೂತು ತಿದ್ದುವುದು ಅದನ್ನು ಅಳಿಸುವುದಕ್ಕೆ. ಮೈಯ ಅಳತೆ ತಿದ್ದಿದ ಜಾಹೀರಾತು ಚಿತ್ರದ ಮೇಲೆ ‘ತಿದ್ದಿದ ಚಿತ್ರ’ ಎಂದು ಬರೆಯಬೇಕೆಂದು ಫ್ರಾನ್ಸ್ 2017ರಲ್ಲಿ ನಿಯಮ ತಂದಿತು. ರೋಗ ಹಂಚಿದ ಊರಿನಿಂದಲೇ ಒಂದು ಚಮಚ ಔಷಧಿ.

ಈಗ ಹೊಸ ಉಪದೇಶ ಬಂದಿದೆ: ನಿಮ್ಮ ಸೆಲ್ಯುಲೈಟನ್ನು ಒಪ್ಪಿಕೊಳ್ಳಿ, ಪ್ರೀತಿಸಿ, ಹೆಮ್ಮೆಪಡಿ. ನನಗೆ ಇದರಲ್ಲೂ ತಕರಾರಿದೆ. ಮೊಣಕೈಯನ್ನು ಯಾರಾದರೂ ಒಪ್ಪಿಕೊಂಡಿದ್ದಾರೆಯೇ? ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ‘ಎಲೈ ಮೊಣಕೈಯೇ, ನಿನ್ನ ಸುಕ್ಕುಗಳ ಸಮೇತ ನಿನ್ನನ್ನು ಸ್ವೀಕರಿಸಿದ್ದೇನೆ’ ಎಂದು ಯಾವ ಹೆಂಗಸೂ ಹೇಳುವುದಿಲ್ಲ. ಮೊಣಕೈ ತನ್ನ ಪಾಡಿಗೆ ತಾನಿದೆ, ಬಸ್ಸಿನ ನೂಕುನುಗ್ಗಲಲ್ಲಿ ಉಪಯೋಗಕ್ಕೂ ಬರುತ್ತದೆ. ತೊಡೆಗೂ ಅಷ್ಟು ಉದಾಸೀನ ಸಿಕ್ಕರೆ ನನಗೆ ಸಾಕು. ಪ್ರೀತಿ ಬೇಡ. ಪ್ರೀತಿ ಎಂದ ಕೂಡಲೇ ಅದಕ್ಕೊಂದು ಎಣ್ಣೆ, ಒಂದು ಪುಸ್ತಕ, ಒಂದು ವಾರಾಂತ್ಯದ ಶಿಬಿರ ಮಾರಲು ಬಂದುಬಿಡುತ್ತಾರೆ.

ತಂಗಿಯ ಮಗಳು ಅವತ್ತು ‘ಯೋಚ್ನೆ ಮಾಡಿ ಹೇಳ್ತೀವಿ’ ಎಂದು ಎದ್ದಳು. ಆಟೋದಲ್ಲಿ ‘ದೊಡ್ಡಮ್ಮ, ಸ್ಕೆಚ್ ಪೆನ್ನು ಹೋಗತ್ತೆ ತಾನೆ?’ ಎಂದು ಕೇಳಿದಳು. ಹೋಯಿತು, ಕೊಬ್ಬರಿ ಎಣ್ಣೆಗೆ. ಕ್ಲಿನಿಕ್ಕಿನ ಫಾರ್ಮಿನಲ್ಲಿ ನನ್ನ ಫೋನ್ ನಂಬರು ಬರೆದಿದ್ದರಿಂದ ಸಂದೇಶಗಳು ನನಗೇ ಬರುತ್ತವೆ. ಮಾರ್ಚ್ 8ಕ್ಕೆ ಬಂದದ್ದು ಹೀಗಿತ್ತು: ಮಹಿಳಾ ದಿನದ ಶುಭಾಶಯಗಳು, ನಿಮ್ಮನ್ನು ನೀವು ಪ್ರೀತಿಸಿ, ತೊಡೆ ಚಿಕಿತ್ಸೆಗೆ ಶೇ. 30 ರಿಯಾಯಿತಿ, ನಿಮ್ಮ ತಾಯಿಯನ್ನೂ ಕರೆತಂದರೆ ಅವರಿಗೆ ಗ್ರೇಡಿಂಗ್ ಉಚಿತ.