ಗುಂಯ್‌ಗುಡುವ ಗಾಲಿ

ನಮ್ಮ ಹಳೇ ಕಾರು 40 ದಾಟಿದರೆ ಗುಂಯ್ ಎನ್ನುತ್ತಿತ್ತು. ‘ಬೇರಿಂಗ್’ ಅಂದರು ಮಾವನವರು. ವರಾಂಡದ ಕುರ್ಚಿಯಿಂದ ಏಳದೆಯೇ ರೋಗ ಹೇಳುವ ವೈದ್ಯರು ಅವರು.

ಭಾನುವಾರ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಎಡಗಡೆಯ ಮುಂದಿನ ಗಾಲಿಯನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದೆ. ಅಜ್ಜನ ಹಲ್ಲಿನಂತೆ ಟಕಟಕ ಅಂತು. ‘ಸ್ವಲ್ಪ ಬ್ರೇಕ್ ಒತ್ತೇ’ ಅಂದೆ ಹೆಂಡತಿಗೆ. ಒತ್ತಿದಳು, ಅಲುಗಾಟ ನಿಂತಿತು. ಅಂದರೆ ಕಳ್ಳ ಬೇರಿಂಗೇ, ಬಾಲ್ ಜಾಯಿಂಟ್ ಅಲ್ಲ. ‘ಇನ್ನೂ ಎಷ್ಟೊತ್ತು ರೀ? ಒಲೆ ಮೇಲೆ ಸಾರಿದೆ!’

ಗ್ರೀಸ್ ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದೆ. ನನ್ನಂಥವರು ಎಡವುವುದು ಇಲ್ಲೇ: ಬಿಗಿದಷ್ಟೂ ಭದ್ರ ಎಂಬ ಭ್ರಮೆ. ಈ ಟೇಪರ್ ಬೇರಿಂಗ್‌ಗೆ ಕೂದಲೆಳೆಯಷ್ಟು ಸಡಿಲ ಬೇಕು, ಇಲ್ಲದಿದ್ದರೆ ಕಾದು ಕೆಡುತ್ತದೆ. ಸಡಿಲಿಸಿ, ಬೆರಳಲ್ಲೇ ಮತ್ತೆ ತಿರುವಿದೆ. ಪಿನ್ನಿನ ತೂತಿಗೆ ನಟ್ಟಿನ ಕಚ್ಚು ಹೊಂದಲಿಲ್ಲ; ಚೂರು ಹಿಂದಕ್ಕೇ ಸರಿಸಿದೆ. ಹೊಸ ಪಿನ್ ಹಾಕಿದೆ. ಹಳೆಯದು ಅಷ್ಟರಲ್ಲಿ ಮಾವನವರ ಕಿವಿ ತುರಿಸುತ್ತಿತ್ತು.

ಒಂದು ಸುತ್ತು ಹೋಗಿ ಬಂದೆ. ಗಾಲಿ ಗಟ್ಟಿ, ಗುಂಯ್ ಮಾತ್ರ ಹಾಗೇ.

‘ಬಲಗಡೆದು ಅಂತ ಆಗಲೇ ಹೇಳೋಣ ಅಂತಿದ್ದೆ ಅಳಿಯಂದಿರೇ’ ಅಂದರು.