ಎಡ ಪೆಡಲಿನ ಪಾಠ

ಪಕ್ಕದ ಮನೆಯ ಡಿಪ್ಲೊಮಾ ಹುಡುಗ ಹೊಸಪೇಟೆಯ ಸೈಕಲ್ ಶಾಪೊಂದಕ್ಕೆ ಇಂಟರ್ನ್ ಆಗಿ ಸೇರಿದ. ಅವನಮ್ಮನಿಗೆ ಹೇಳಿಕೊಳ್ಳಲು ಮುಜುಗರ. ಬೀಗರ ಮುಂದೆ "ಆಟೊಮೊಬೈಲ್ ಲೈನು" ಅಂತಾರೆ.

ಯಜಮಾನರ ಸಿಲೆಬಸ್ಸು ಚಿಕ್ಕದು. ಟ್ಯೂಬನ್ನು ನೀರಲ್ಲಿ ಅದ್ದು, ಗುಳ್ಳೆ ಬಂದಲ್ಲಿ ಗುರುತು ಹಾಕು, ಉಜ್ಜು, ಸೊಲ್ಯೂಷನ್ ಹಚ್ಚು, ಆರಲು ಬಿಡು, ಪ್ಯಾಚ್ ಒತ್ತು. "ಟೈರೊಳಗ ಕೈಯಾಡ್ಸಿ ಮುಳ್ಳು ತೆಗಿ ತಮ್ಮಾ, ಇಲ್ಲಂದ್ರ ಗಿರಾಕಿ ಕಮಲಾಪುರ ದಾಟೋದ್ರಾಗ ವಾಪಸ್ ಬರ್ತಾನ."

ಪ್ರಾಕ್ಟಿಕಲ್ ಪರೀಕ್ಷೆ ಎಡ ಪೆಡಲಿನದು. ಹುಡುಗ ಸ್ಪ್ಯಾನರ್ ಹಿಡಿದು ನೇತಾಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಎಡಗಡೆಯ ಥ್ರೆಡ್ ಉಲ್ಟಾ. ಇಲ್ಲದಿದ್ದರೆ ತುಳಿಯುತ್ತ ತುಳಿಯುತ್ತ ಪೆಡಲು ತಾನಾಗಿಯೇ ಬಿಚ್ಚಿಕೊಂಡೀತು. ಯಜಮಾನರು ಎರಡು ಬೆರಳಲ್ಲೆಂಬಂತೆ ತಿರುವಿ, "ಪುಸ್ತಕದಾಗ ಇದ್ದಿಲ್ಲೇನು?" ಅಂದರು.

ಸೈಕಲ್ ನೋಡಿಯೇ ಊರು ಹೇಳುವಷ್ಟು ಹುಡುಗ ಈಗ ಪಳಗಿದ್ದಾನೆ. ಚೈನಿಗೆ ಅದಿರಿನ ಕೆಂಧೂಳು ಮೆತ್ತಿದ್ದರೆ ಸಂಡೂರು, ಮಡ್‌ಗಾರ್ಡಿನೊಳಗೆ ಗದ್ದೆಯ ಕೆಸರಿದ್ದರೆ ಕಂಪ್ಲಿ, ರಿಮ್ ಬೆಂಡಾಗಿದ್ದರೆ ಹಂಪಿಯ ಬಾಡಿಗೆ ಗಾಡಿ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆಂದು ಸರ್ಕಾರ ಕೊಡಲು ಶುರುಮಾಡಿದ ಉಚಿತ ಸೈಕಲ್ಲುಗಳೂ ಬರುತ್ತವೆ; ಮಕ್ಕಳು ಓದು ಮುಗಿಸಿದರು, ಸೈಕಲ್ಲು ಅಪ್ಪಂದಿರ ಕೆಳಗೆ ಮೇವು ಹೊರುತ್ತಿದೆ.

ಕೊನೆಗೆ ಸರ್ಟಿಫಿಕೇಟಿನ ಪ್ರಶ್ನೆ. "ಉಗುರಾಗ ಗ್ರೀಸ್ ಐತಲ್ಲ, ಅದೇ ಸರ್ಟಿಫಿಕೇಟು" ಅಂದರು ಯಜಮಾನರು. ಕಾಲೇಜಿನವರು ಸೀಲೇ ಬೇಕೆಂದು ಪಟ್ಟು ಹಿಡಿದರು. ಯಜಮಾನರು ಬಿಲ್‌ಬುಕ್ಕಿನ ಹಾಳೆ ಹರಿದು, "ಹುಡುಗ ಚಲೋ" ಎಂದು ಬರೆದು, ಗ್ರೀಸಿನ ಹೆಬ್ಬೆಟ್ಟು ಒತ್ತಿ ಕಳಿಸಿದರು.